ಸಾಗರದಿಂದ ತ್ಸುರುಗಕ್ಕೆ: ನಿರಾಶ್ರಿತರ ಬಂದರು ನೋಡುವುದು ಹೇಗೆ?

ಮಲೆನಾಡಿನ ಮಕ್ಕಳು ಕೆಲಸಕ್ಕೆಂದು ಜಪಾನಿಗೆ ಹೋಗುವುದು ಈಗ ಹೊಸತಲ್ಲ. ನೋಡಲು ಹೋದ ಅಪ್ಪ ಅಮ್ಮ ಟೋಕಿಯೊ, ಕ್ಯೋಟೊ ಸುತ್ತಿ ವಾಪಸಾಗುತ್ತಾರೆ. ಒಂದು ದಿನ ಉಳಿಸಿಕೊಂಡು ತ್ಸುರುಗಕ್ಕೆ ಹೋಗಿಬನ್ನಿ. ಕಡಲ ದಂಡೆಯ ಈ ಸಣ್ಣ ಊರು ಎರಡು ಸಲ ನಿರಾಶ್ರಿತರನ್ನು ಬರಮಾಡಿಕೊಂಡಿತ್ತು. ಆ ಕಥೆಗೆಂದೇ ಅಲ್ಲೊಂದು ಮ್ಯೂಸಿಯಂ ಇದೆ.

ಮೊದಲ ಕೆಲಸ ಮನೆಯಲ್ಲೇ. ಕಥೆ ಗೊತ್ತಿಲ್ಲದೆ ಹೋದರೆ ಗಾಜಿನೊಳಗಿನ ಕಾಗದ ಬರೀ ಕಾಗದ. 1920ರ ದಶಕದ ಆರಂಭದಲ್ಲಿ ಇಲ್ಲಿ ಇಳಿದವರು ಸೈಬೀರಿಯಾದಲ್ಲಿ ದಿಕ್ಕಿಲ್ಲದಾಗಿದ್ದ ಪೋಲೆಂಡಿನ 763 ಮಕ್ಕಳು. 1940ರಲ್ಲಿ ಲಿಥುವೇನಿಯಾದ ಕೌನಾಸ್‌ನಲ್ಲಿದ್ದ ಜಪಾನಿ ರಾಯಭಾರ ಅಧಿಕಾರಿ ಚಿಯುನೆ ಸುಗಿಹಾರ, ಮೇಲಿನವರ ಸೂಚನೆ ಮೀರಿ ಯುದ್ಧದಿಂದ ತಪ್ಪಿಸಿಕೊಳ್ಳುತ್ತಿದ್ದ ಯಹೂದಿಗಳಿಗೆ ಟ್ರಾನ್ಸಿಟ್ ವೀಸಾ, ಅಂದರೆ ಜಪಾನಿನ ಮೂಲಕ ಬೇರೆ ದೇಶಕ್ಕೆ ಹಾದುಹೋಗುವ ಅನುಮತಿ, ಬರೆದುಕೊಟ್ಟರು. ಅವರ ಪಟ್ಟಿಯಲ್ಲಿ 2,139 ಹೆಸರುಗಳಿವೆ. ಟ್ರಾನ್ಸಿಟ್ ಎಂದಮೇಲೆ ಮುಂದಿನ ಊರು ತೋರಿಸಬೇಕಲ್ಲ? ಕೆರಿಬಿಯನ್ ಕಡಲಲ್ಲಿ ಡಚ್ಚರ ವಶದಲ್ಲಿದ್ದ ಕುರಸಾವ್ ದ್ವೀಪಕ್ಕೆ ವೀಸಾ ಬೇಕಿಲ್ಲ ಎಂದು ಡಚ್ಚರ ಪ್ರತಿನಿಧಿ ಯಾನ್ ಜ್ವಾರ್ಟೆಂಡೈಕ್ ಬರೆದುಕೊಟ್ಟ ಒಂದು ಸಾಲೇ ಆಧಾರ. ಆ ದ್ವೀಪಕ್ಕೆ ಹೋಗುವ ಯೋಚನೆ ಯಾರಿಗೂ ಇರಲಿಲ್ಲವೆನ್ನಿ! ರೈಲಿನಲ್ಲಿ ಸೈಬೀರಿಯಾ ದಾಟಿ, ವ್ಲಾಡಿವೊಸ್ಟಾಕ್‌ನಲ್ಲಿ ಹಡಗು ಹತ್ತಿ, ತ್ಸುರುಗದಲ್ಲಿ ಇಳಿದರು.

ಇನ್ನು ದಾರಿ. ಬೆಂಗಳೂರಿನಿಂದ ಟೋಕಿಯೊ ಬಳಿಯ ನರಿತಾ ವಿಮಾನ ನಿಲ್ದಾಣಕ್ಕೆ ನೇರ ವಿಮಾನವಿದೆ. ಟೋಕಿಯೊದಿಂದ ತ್ಸುರುಗದವರೆಗೆ 2024ರ ಮಾರ್ಚ್ 16ರಿಂದ ಬುಲೆಟ್ ರೈಲು ಓಡುತ್ತಿದೆ. ಕ್ಯೋಟೊದಿಂದಾದರೆ ಎಕ್ಸ್‌ಪ್ರೆಸ್ ರೈಲಿನಲ್ಲಿ ಸುಮಾರು ಒಂದು ಗಂಟೆ. ಸ್ಟೇಷನ್ನಿನಿಂದ ಬಂದರಿನ ಕಡೆಗೆ ಬಸ್ಸು ಸಿಗುತ್ತದೆ. ಆ ಸೀಮೆಯಲ್ಲಿ ‘ಬುತ್ತಿ ಮರೆತರೂ ಕೊಡೆ ಮರೆಯಬೇಡ’ ಎಂಬ ಗಾದೆಯಿದೆ. ಆಗುಂಬೆ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಸಸ್ಯಾಹಾರಿಗಳು ಬುತ್ತಿಯನ್ನೂ ಮರೆಯಬಾರದು, ಅಲ್ಲಿ ಸಾರಿಗೂ ಮೀನಿನ ರಸ ಬೀಳುತ್ತದೆ. ನಾವು ಅವಲಕ್ಕಿ, ಅಪ್ಪೆಮಿಡಿ ಒಯ್ದಿದ್ದೆವು.

ದಂಡೆಯಲ್ಲಿ ಸಾಲಾಗಿ ನಾಲ್ಕು ಕಟ್ಟಡ ಕಾಣುತ್ತವೆ. ಹಳೆಯವೆಂದು ಮೋಸಹೋಗಬೇಡಿ. 1945ರ ಜುಲೈನಲ್ಲಿ ಬಾಂಬು ಬಿದ್ದು ಊರಿನ ಬಹುಭಾಗ ಸುಟ್ಟುಹೋಗಿತ್ತು. ಇವು ಹಿಂದಿದ್ದ ಕಟ್ಟಡಗಳ ಮಾದರಿಯಲ್ಲಿ ಮತ್ತೆ ಕಟ್ಟಿದವು, ಮ್ಯೂಸಿಯಂ ಇಲ್ಲಿಗೆ ಬಂದದ್ದು 2020ರಲ್ಲಿ.

ಒಳಗೆ ಎಲ್ಲ ಫಲಕಗಳನ್ನೂ ಓದುವ ಹಟ ಬೇಡ. ಊರಿನ ಹಿರಿಯರ ನೆನಪುಗಳಿರುವ ಕಡೆ ನಿಧಾನಿಸಿ. ಸ್ನಾನದ ಮನೆಯವನೊಬ್ಬ ದುಡ್ಡು ಕೇಳದೆ ಬಾಗಿಲು ತೆರೆದದ್ದು, ಹುಡುಗನೊಬ್ಬ ಬುಟ್ಟಿಯ ಸೇಬು ಹಂಚಿದ್ದು, ಹಸಿದವರು ಕೈಗಡಿಯಾರವನ್ನು ಸ್ಟೇಷನ್ ಎದುರಿನ ಅಂಗಡಿಗೆ ಮಾರಿದ್ದು ಎಲ್ಲವೂ ಅಲ್ಲಿವೆ. ಹಾಗೆ ಮಾರಿದ ಒಂದು ಗಡಿಯಾರ ಗಾಜಿನ ಪೆಟ್ಟಿಗೆಯಲ್ಲಿದೆ. ಶರಾವತಿ ಮುಳುಗಡೆಯಲ್ಲಿ ಮನೆ ಬಿಟ್ಟು ಬಂದ ನಮ್ಮಜ್ಜಿ ಲಾರಿಗೆ ಮೊದಲು ಹತ್ತಿಸಿದ್ದು ಬೀಸುಕಲ್ಲು. ಆ ಕಷ್ಟವೂ ಈ ಕಷ್ಟವೂ ಒಂದೇ ಎನ್ನಲಾರೆ, ಆದರೆ ಅಲ್ಲಿ ನಿಂತಾಗ ನೆನಪಾದದ್ದು ಅದೇ ಕಲ್ಲು.

ಟಿಕೆಟ್ ದೊಡ್ಡವರಿಗೆ 500 ಯೆನ್. ಎರಡು ಗಂಟೆಯಾದರೂ ಇಟ್ಟುಕೊಳ್ಳಿ, ಸಂಜೆ ಐದಕ್ಕೆ ಮುಚ್ಚುತ್ತಾರೆ. ಬುಧವಾರ ರಜೆ. ನಾವು ಮೊದಲ ಸಲ ಹೋದದ್ದು ಬುಧವಾರವೇ. ಹೊರಗಿನ ಬೆಂಚಿನ ಮೇಲೆ ಕೂತು ಅವಲಕ್ಕಿ ತಿಂದು ವಾಪಸಾದೆವು.