ಪಾರ್ಕಿನ್ಸನ್ಸ್ ಇದ್ದವರ ಮನೆಯಲ್ಲಿ ಮಾತ್ರೆ, ಮುದ್ದೆ, ಮಲಬದ್ಧತೆ

ಹಾಸನ, ಚಿಕ್ಕಮಗಳೂರು ಕಡೆ ಪಾರ್ಕಿನ್ಸನ್ಸ್ ಅಂದರೆ ಕೈ ನಡುಕ ಅಂತಲೇ ಲೆಕ್ಕ. ಹೊಟ್ಟೆ ಕಟ್ಟುವುದನ್ನು ವಯಸ್ಸಿನ ತಲೆಗೆ ಕಟ್ಟುತ್ತಾರೆ. ಎಷ್ಟೋ ಜನರಿಗೆ ಮಲಬದ್ಧತೆ ನಡುಕಕ್ಕಿಂತ ವರ್ಷಗಟ್ಟಲೆ ಮೊದಲೇ ಶುರುವಾಗಿರುತ್ತದೆ. ನಾರಿನಂಶವನ್ನು ಹುದುಗಿಸಿ ಬ್ಯುಟಿರೇಟ್ ಎಂಬ, ಕರುಳಿನ ಗೋಡೆಗೆ ಬೇಕಾದ ಆಮ್ಲವನ್ನು ತಯಾರಿಸುವ ಕರುಳಿನ ಬ್ಯಾಕ್ಟೀರಿಯಾಗಳೂ ಇವರಲ್ಲಿ ಕಡಿಮೆ. ಅದು ರೋಗಕ್ಕೆ ಕಾರಣವೋ ರೋಗದ ಫಲವೋ ಇನ್ನೂ ತೀರ್ಮಾನವಾಗಿಲ್ಲ. ಆದರೆ ಹೊಟ್ಟೆ ಕೆಟ್ಟರೆ ಪಾರ್ಕಿನ್ಸನ್ಸ್ ಮಾತ್ರೆ ಸರಿಯಾಗಿ ಹಿಡಿಯುವುದಿಲ್ಲ ಅನ್ನುವುದು ಖಚಿತ.

ಈ ಕಾಯಿಲೆಯಲ್ಲಿ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಕಡಿಮೆಯಾಗುತ್ತದೆ; ಮಿದುಳಿಗೆ ಹೋಗಿ ಡೋಪಮೈನ್ ಆಗುವ ಮುಖ್ಯ ಔಷಧಿಯೇ ಲೆವೊಡೋಪಾ. ಅದು ರಕ್ತಕ್ಕೆ ಸೇರುವುದು ಸಣ್ಣ ಕರುಳಿನಲ್ಲಿ. ಅಲ್ಲಿರುವ ಎಂಟರೊಕಾಕಸ್ ಫೀಕಾಲಿಸ್ ಎಂಬ ಬ್ಯಾಕ್ಟೀರಿಯಾ ಅದನ್ನು ಅಲ್ಲೇ ಡೋಪಮೈನ್ ಮಾಡಿಬಿಡಬಲ್ಲದು. ಆ ಡೋಪಮೈನ್ ಮಿದುಳಿನೊಳಗೆ ಹೋಗಲಾರದು. ಮಾತ್ರೆಯಲ್ಲೇ ಸೇರಿರುವ ಕಾರ್ಬಿಡೋಪಾ ಎಂಬ ಇನ್ನೊಂದು ಔಷಧಿ ಹೀಗೆ ಡೋಪಮೈನ್ ಮಾಡುವ ನಮ್ಮ ದೇಹದ ಕಿಣ್ವವನ್ನು ತಡೆಯುತ್ತದೆ, ಈ ಬ್ಯಾಕ್ಟೀರಿಯಾದ ಕಿಣ್ವಕ್ಕೆ ಅದು ಅಷ್ಟಾಗಿ ನಾಟುವುದಿಲ್ಲ ಎಂದು 2019ರ ಸಂಶೋಧನೆ ತೋರಿಸಿತು. ಹಾಗಂತ ಆಂಟಿಬಯೋಟಿಕ್ ನುಂಗಬೇಡಿ, ಬೇಕಾದ ಜೀವಿಗಳೂ ಸಾಯುತ್ತವೆ.

ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು, ಇಲ್ಲವೇ ಊಟವಾಗಿ ಒಂದು ಗಂಟೆಯ ಮೇಲೆ, ತುಂಬಿದ ಲೋಟ ನೀರಿನೊಂದಿಗೆ ಕೊಡಿ. ವಾಕರಿಕೆ ಬಂದರೆ ಜೊತೆಗೆ ಅಕ್ಕಿರೊಟ್ಟಿಯ ಚೂರು ಸಾಕು, ಹಾಲು ಬೇಡ. ಪ್ರೋಟೀನು ಕರುಳಿನಲ್ಲಿ ಲೆವೊಡೋಪಾಗೆ ಪೈಪೋಟಿ ಕೊಡುತ್ತದೆ. ಹಗಲು ಮಾತ್ರೆಯ ಪ್ರಭಾವ ಬೇಗ ಇಳಿದುಹೋಗುತ್ತಿದ್ದರೆ ಹುರುಳಿ, ಅವರೆಕಾಳು, ಮೊಟ್ಟೆ, ಕೋಳಿಯನ್ನು ರಾತ್ರಿಗೆ ಸರಿಸಿ. ಇವನ್ನು ಪೂರ್ತಿ ನಿಲ್ಲಿಸಿದರೆ ತೂಕ ಇಳಿಯುತ್ತದೆ. ಕಬ್ಬಿಣಾಂಶದ ಮಾತ್ರೆಗೆ ಎರಡು ಗಂಟೆ ಅಂತರವಿರಲಿ.

ನಾರಿಗೆ ರಾಗಿ ಒಳ್ಳೆಯದು, 100 ಗ್ರಾಂನಲ್ಲಿ ಸುಮಾರು 11 ಗ್ರಾಂ ಇದೆ. ತೊಡಕಿರುವುದು ಮುದ್ದೆಯಲ್ಲಿ. ನಮ್ಮಲ್ಲಿ ಅದನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಈ ಕಾಯಿಲೆಯಲ್ಲಿ ಗಂಟಲಿನ ಸ್ನಾಯುಗಳೂ ನಿಧಾನ. ಹಿಟ್ಟು ಸಡಿಲವಾಗಿ ತಿರುವಿ, ಬೆರಳ ತುದಿಯಷ್ಟು ಮುರಿದು, ಸಾರಿನಲ್ಲಿ ಚೆನ್ನಾಗಿ ಅದ್ದಿ, ನೆಟ್ಟಗೆ ಕೂರಿಸಿ ಕೊಡಿ. ನುಂಗಿದ ಮೇಲೆ ಕೆಮ್ಮು ಬಂದರೆ, ಧ್ವನಿ ನೀರು ತುಂಬಿದಂತೆ ಗೊರಗೊರ ಅಂದರೆ ಮುದ್ದೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಅಲ್ಲಿಯವರೆಗೆ ರಾಗಿ ಗಂಜಿ, ಅದೂ ಗಟ್ಟಿಯಾಗಿ: ತೀರಾ ನೀರಾದದ್ದೇ ಶ್ವಾಸನಾಳಕ್ಕೆ ಬೇಗ ಜಾರುತ್ತದೆ.

ನಾರು ಹೆಚ್ಚಿಸಿ ನೀರು ಕುಡಿಯದಿದ್ದರೆ ಹೊಟ್ಟೆ ಇನ್ನಷ್ಟು ಕಟ್ಟುತ್ತದೆ. ಸಕಲೇಶಪುರ, ಮೂಡಿಗೆರೆಯ ಮಳೆಗಾಲದಲ್ಲಿ ಬಾಯಾರಿಕೆಯೇ ಗೊತ್ತಾಗದು. ದಿನಕ್ಕೆ ಆರರಿಂದ ಎಂಟು ಲೋಟ ಬಿಸಿನೀರನ್ನು ಹೊತ್ತು ಹೊತ್ತಿಗೆ ನೆನಪಿಸಿ ಕೊಡಿ (ಹೃದಯ, ಕಿಡ್ನಿ ತೊಂದರೆ ಇದ್ದರೆ ವೈದ್ಯರು ಹೇಳಿದಷ್ಟೇ). ಇಸಬ್ಗೋಲ್ ನುಂಗುವ ತೊಂದರೆ ಇರುವವರಿಗೆ ಬೇಡವೇ ಬೇಡ, ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳುತ್ತದೆ. ಮೊಸರು ಕೊಡಿ, ಆದರೆ ಅದೇ ಚಿಕಿತ್ಸೆ ಅಂದುಕೊಳ್ಳಬೇಡಿ.

ಬೆಳಗಿನ ಕಾಫಿ, ತಿಂಡಿಯಾದ ಅರ್ಧ ಗಂಟೆಯೊಳಗೆ ಕಮೋಡಿನ ಮೇಲೆ ಕೂರಿಸಿ. ಕರುಳು ತಾನಾಗಿ ಚುರುಕಾಗುವ ಹೊತ್ತು ಅದು. ಮೊಣಕಾಲು ಸೊಂಟಕ್ಕಿಂತ ಮೇಲೆ ಬರುವಂತೆ ಕಾಲ ಕೆಳಗೆ ಒಂದು ಮಣೆ ಇಡಿ.

ಎಲ್ಲಕ್ಕಿಂತ ಹೆಚ್ಚಾಗಿ ಕಾಡುವುದು ಗ್ಯಾಸಿನ ಮಾತ್ರೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಗ್ಯಾಸ್, ವಾಂತಿ ಮಾತ್ರೆಗಳಲ್ಲಿ ಹಲವಕ್ಕೆ ಲೆವೊಸಲ್ಪಿರೈಡ್ ಅಥವಾ ಮೆಟೊಕ್ಲೋಪ್ರಮೈಡ್ ಸೇರಿರುತ್ತದೆ. ಎರಡೂ ಡೋಪಮೈನ್ ಕೆಲಸವನ್ನೇ ತಡೆದು ನಡುಕ, ಬಿಗಿತ ಹೆಚ್ಚಿಸುತ್ತವೆ. ಮಾತ್ರೆಯ ಸ್ಟ್ರಿಪ್ಪಿನ ಹಿಂಬದಿಯ ಸಣ್ಣಕ್ಷರ ಓದಿ. ಆ ಹೆಸರಿದ್ದರೆ ಕೊಡದೆ ನರರೋಗ ತಜ್ಞರನ್ನು ಕೇಳಿ. ಮೂರು ದಿನ ಮಲವಾಗದೆ ಹೊಟ್ಟೆ ಉಬ್ಬಿ ವಾಂತಿಯೂ ಆದರೆ ಮನೆಮದ್ದಿಗೆ ಕಾಯದೆ ಜಿಲ್ಲಾಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.