ರಸ್ತೆ ಅಪಘಾತದ ಪರಿಹಾರಕ್ಕೆ ವಕೀಲರ ಆಯ್ಕೆ ಮತ್ತು ಮೊದಲ ಭೇಟಿಯ ಸಿದ್ಧತೆ

ರಸ್ತೆ ಅಪಘಾತದಲ್ಲಿ ಪೆಟ್ಟಾದವರು ಇನ್ನೂ ಆಸ್ಪತ್ರೆಯ ಹಾಸಿಗೆಯಲ್ಲಿರುವಾಗಲೇ ಅಪರಿಚಿತರು ಮನೆಯವರ ಬಳಿ ಬಂದು, ‘ನಮಗೆ ಗೊತ್ತಿರುವ ವಕೀಲರಿದ್ದಾರೆ, ಈಗ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ, ಪರಿಹಾರ ಬಂದ ಮೇಲೆ ಇಷ್ಟು ಪಾಲು ಕೊಟ್ಟರೆ ಸಾಕು’ ಎಂದು ಖಾಲಿ ವಕಾಲತ್ತಿಗೆ, ಅಂದರೆ ಪ್ರಕರಣ ನಡೆಸಲು ವಕೀಲರಿಗೆ ಅಧಿಕಾರ ಕೊಡುವ ಪತ್ರಕ್ಕೆ, ಸಹಿ ಕೇಳುವುದುಂಟು. ಆ ಕಾಗದಕ್ಕೆ ಸಹಿ ಹಾಕಬೇಡಿ. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳ ಪ್ರಕಾರ ವಕೀಲರು ತಾವಾಗಿಯೇ ಆಗಲಿ, ಮಧ್ಯವರ್ತಿಗಳ ಮೂಲಕವಾಗಲಿ ಪ್ರಕರಣಗಳನ್ನು ಅರಸಿ ಹೋಗುವಂತಿಲ್ಲ. ಫಲಿತಾಂಶವನ್ನು ಅವಲಂಬಿಸಿದ ಶುಲ್ಕವನ್ನು ಗೊತ್ತುಪಡಿಸಿಕೊಳ್ಳುವಂತಿಲ್ಲ. ಬಂದ ಹಣದಲ್ಲಿ ಪಾಲು ಪಡೆಯುವ ಒಪ್ಪಂದವನ್ನೂ ಮಾಡಿಕೊಳ್ಳುವಂತಿಲ್ಲ. ವೃತ್ತಿಯ ಮೊದಲ ನಿಯಮವನ್ನೇ ಮುರಿದು ಬಂದವರ ಕೈಗೆ ಜೀವನದ ಅತಿ ಕಷ್ಟದ ಪ್ರಕರಣವನ್ನು ಒಪ್ಪಿಸುವುದು ಸರಿಯಲ್ಲ. ವಕೀಲರನ್ನು ನೀವೇ ಹುಡುಕಿ, ವಿಚಾರಿಸಿ, ಆರಿಸಿಕೊಳ್ಳಬೇಕು.

ಹಾಗೆಂದು ಕಾಲಹರಣ ಮಾಡಲು ಅವಕಾಶವಿಲ್ಲ. ಮೋಟಾರು ವಾಹನ ಕಾಯ್ದೆಯ 166ನೇ ಕಲಮಿಗೆ ಆದ ತಿದ್ದುಪಡಿ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಅದರಂತೆ ಅಪಘಾತವಾದ ಆರು ತಿಂಗಳೊಳಗೆ ಪರಿಹಾರದ ಅರ್ಜಿ ಸಲ್ಲಿಕೆಯಾಗಬೇಕು. ಈ ಗಡುವಿನ ಸಿಂಧುತ್ವವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲಾಗಿದೆಯಾದರೂ ಆ ಭರವಸೆಯ ಮೇಲೆ ತಡಮಾಡುವುದು ವಿವೇಕವಲ್ಲ. ಚಿಕಿತ್ಸೆ ಮುಗಿಯಲಿ ಎಂದು ಕಾಯುವವರು ಬಹಳ. ಆದರೆ ಚಿಕಿತ್ಸೆ ನಡೆಯುತ್ತಿರುವಾಗಲೇ ಅರ್ಜಿ ಸಲ್ಲಿಸಬಹುದು, ನಂತರದ ಖರ್ಚಿನ ದಾಖಲೆಗಳನ್ನು ವಿಚಾರಣೆಯ ವೇಳೆಗೆ ಹಾಜರುಪಡಿಸಬಹುದು. ಗಾಯಾಳುವಿಗೆ ಓಡಾಡಲು ಆಗದಿದ್ದರೆ ಮನೆಯವರೊಬ್ಬರು ಮೊದಲ ಭೇಟಿಗೆ ಹೋಗಿಬರಬಹುದು.

ಅಪಘಾತ ದೂರದ ಊರಿನಲ್ಲಿ ಆಗಿದ್ದರೆ ಅಲ್ಲಿಯ ವಕೀಲರನ್ನೇ ಹಿಡಿಯಬೇಕೆಂದಿಲ್ಲ. ಅಪಘಾತ ನಡೆದ ಸ್ಥಳ, ಗಾಯಾಳು ವಾಸಿಸುವ ಅಥವಾ ವ್ಯವಹಾರ ನಡೆಸುವ ಸ್ಥಳ, ಎದುರುದಾರರು ವಾಸಿಸುವ ಸ್ಥಳ, ಇವುಗಳಲ್ಲಿ ಯಾವುದರ ವ್ಯಾಪ್ತಿಗೆ ಸೇರಿದ ಮೋಟಾರು ಅಪಘಾತ ಪರಿಹಾರ ನ್ಯಾಯಾಧಿಕರಣದಲ್ಲಾದರೂ ಅರ್ಜಿ ಹಾಕಲು ಕಾನೂನು ಅವಕಾಶ ಕೊಡುತ್ತದೆ. ಊರುಗೋಲು ಹಿಡಿದು ಸಾಕ್ಷ್ಯ ನುಡಿಯಲು ಹೋಗಬೇಕಾದವರಿಗೆ ಮನೆಗೆ ಹತ್ತಿರದ ನ್ಯಾಯಾಲಯವೇ ಮೇಲು.

ವಕೀಲರನ್ನು ಹುಡುಕುವಾಗ ‘ಒಳ್ಳೆಯ ವಕೀಲರು ಯಾರು?’ ಎಂದು ಕೇಳುವ ಬದಲು ‘ಎಂ.ವಿ.ಸಿ. ಪ್ರಕರಣಗಳನ್ನು (ಮೋಟಾರು ಅಪಘಾತ ಪರಿಹಾರದ ಪ್ರಕರಣಗಳನ್ನು) ನಿತ್ಯ ನಡೆಸುವವರು ಯಾರು?’ ಎಂದು ಕೇಳಬೇಕು. ಆಸ್ತಿ ವ್ಯಾಜ್ಯಗಳಲ್ಲಿ ಹೆಸರು ಮಾಡಿದವರಿಗೆ ಮೂಳೆತಜ್ಞರ ಸಾಕ್ಷ್ಯವನ್ನು ಹೇಗೆ ದಾಖಲಿಸಬೇಕೆಂಬ ಅನುಭವ ಇರಲೇಬೇಕೆಂದಿಲ್ಲ. ಇ-ಕೋರ್ಟ್ಸ್ ಜಾಲತಾಣದಲ್ಲಿ ವಕೀಲರ ಹೆಸರಿನಿಂದ ಪ್ರಕರಣಗಳನ್ನು ಹುಡುಕುವ ಸೌಲಭ್ಯವಿದ್ದು, ಅವರು ಎಂಥ ಪ್ರಕರಣಗಳನ್ನು ನಡೆಸುತ್ತಿದ್ದಾರೆ ಎಂಬುದನ್ನು ಅಲ್ಲಿ ನೋಡಬಹುದು. ಸಾಧ್ಯವಾದರೆ ನ್ಯಾಯಾಧಿಕರಣದ ಕಲಾಪವನ್ನು ಅರ್ಧ ದಿನ ಕುಳಿತು ಗಮನಿಸುವುದು ಒಳ್ಳೆಯದು. ಯಾರು ಕಡತ ಓದಿಕೊಂಡು ಬರುತ್ತಾರೆ, ಯಾರು ಕೇವಲ ವಾಯಿದೆ ಕೇಳುತ್ತಾರೆ ಎಂಬುದು ಅಲ್ಲಿ ಕಣ್ಣಿಗೆ ಬೀಳುತ್ತದೆ.

ಶುಲ್ಕ ಭರಿಸಲು ಆಗದವರಿಗೆ ಬಾಗಿಲು ಮುಚ್ಚಿಲ್ಲ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರ ಅಡಿಯಲ್ಲಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು ಮತ್ತು ನಿಗದಿತ ಮಿತಿಗಿಂತ ಕಡಿಮೆ ಆದಾಯದವರು ಉಚಿತ ಕಾನೂನು ನೆರವಿಗೆ ಅರ್ಹರು. ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಅಥವಾ ತಾಲ್ಲೂಕು ಕಾನೂನು ಸೇವಾ ಸಂಸ್ಥೆಯ ಕಚೇರಿಯಲ್ಲಿ ಇಲ್ಲವೇ 15100 ಸಹಾಯವಾಣಿಯಲ್ಲಿ ವಿಚಾರಿಸಬಹುದು.

ಮೊದಲ ಭೇಟಿಗೆ ಒಯ್ಯಬೇಕಾದ ದಾಖಲೆಗಳಲ್ಲಿ ಪೊಲೀಸ್ ಠಾಣೆಯವು ಮೊದಲು ಬರುತ್ತವೆ: ದೂರು, ಎಫ್‌ಐಆರ್, ಸ್ಥಳ ಮಹಜರು, ವಾಹನ ತಪಾಸಣೆಯ ವರದಿ, ಸಿದ್ಧವಾಗಿದ್ದರೆ ದೋಷಾರೋಪ ಪಟ್ಟಿ. 2022ರಿಂದ ಜಾರಿಯಲ್ಲಿರುವ ನಿಯಮಗಳಂತೆ ಪೊಲೀಸರು 48 ಗಂಟೆಗಳೊಳಗೆ ಮೊದಲ ಅಪಘಾತ ವರದಿಯನ್ನೂ 90 ದಿನಗಳೊಳಗೆ ವಿವರವಾದ ಅಪಘಾತ ವರದಿಯನ್ನೂ ನ್ಯಾಯಾಧಿಕರಣಕ್ಕೆ ಸಲ್ಲಿಸಬೇಕಾಗಿದ್ದು, ಅವುಗಳ ಪ್ರತಿ ಕೈಗೆ ಸಿಕ್ಕಿದೆಯೇ ಎಂಬುದನ್ನು ವಕೀಲರಿಗೆ ತಿಳಿಸಬೇಕು. ದೂರು ತಡವಾಗಿ ದಾಖಲಾಗಿದ್ದರೆ ಅದಕ್ಕೆ ಕಾರಣವೇನೆಂದು ಬರೆದುಕೊಂಡು ಹೋಗಿ. ಗಾಯಾಳುವಿನ ಜೀವ ಉಳಿಸಲು ಓಡಾಡುತ್ತಿದ್ದ ಕಾರಣಕ್ಕೆ ತಡವಾದರೆ ಅಷ್ಟರಿಂದಲೇ ಅರ್ಜಿ ಬಿದ್ದುಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿಯೇ ಹೇಳಿದೆ. ಆಸ್ಪತ್ರೆಯಿಂದ ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಸಾರಾಂಶ, ಎಕ್ಸ್‌ರೇ ಫಿಲ್ಮುಗಳು, ಔಷಧಿ ಚೀಟಿಗಳ ಜೊತೆಗೇ ಬಿಲ್ಲುಗಳು ಬೇಕು. ಆರೋಗ್ಯ ವಿಮೆಯ ಕಂಪನಿಗೆ ಮೂಲ ಬಿಲ್ಲುಗಳನ್ನು ಕೊಟ್ಟಿದ್ದರೆ ಆ ಸಂಗತಿಯನ್ನೂ ಅಲ್ಲಿಂದ ಬಂದ ಮೊತ್ತವನ್ನೂ ಮುಚ್ಚಿಡಬಾರದು.

ಅತಿ ಹೆಚ್ಚು ನಷ್ಟವಾಗುವುದು ವಯಸ್ಸು ಮತ್ತು ಆದಾಯದ ದಾಖಲೆಗಳ ವಿಷಯದಲ್ಲಿ. ಪರಿಹಾರವನ್ನು ಲೆಕ್ಕ ಹಾಕುವಾಗ ವಯಸ್ಸಿಗೆ ತಕ್ಕ ಗುಣಕವನ್ನು, ಅಂದರೆ ವರ್ಷದ ಗಳಿಕೆಯ ನಷ್ಟವನ್ನು ಗುಣಿಸುವ ಸಂಖ್ಯೆಯನ್ನು, ಬಳಸಲಾಗುತ್ತದೆ. 31ರಿಂದ 35 ವರ್ಷದವರಿಗೆ ಅದು 16, 36ರಿಂದ 40ರವರಿಗೆ 15. ತಿಂಗಳಿಗೆ 15,000 ರೂಪಾಯಿ ದುಡಿಯುತ್ತಿದ್ದವರ ಗಳಿಕೆಯ ಸಾಮರ್ಥ್ಯ ಶೇಕಡ 20ರಷ್ಟು ಕುಂದಿದೆ ಎಂದಾದರೆ, ಆ ಒಂದು ಬಾಬಿನಲ್ಲಿಯೇ 35 ವರ್ಷದವರಿಗೆ 5,76,000 ರೂಪಾಯಿ, 36 ವರ್ಷದವರಿಗೆ 5,40,000 ರೂಪಾಯಿ ಆಗುತ್ತದೆ. ಆದ್ದರಿಂದ ಆಧಾರ್ ಕಾರ್ಡಿನಲ್ಲಿ ಅಂದಾಜಿನ ಹುಟ್ಟಿದ ವರ್ಷ ನಮೂದಾಗಿದ್ದರೆ ಶಾಲೆಯ ಅಂಕಪಟ್ಟಿಯನ್ನೋ ಜನನ ಪ್ರಮಾಣಪತ್ರವನ್ನೋ ಹುಡುಕಿ ತೆಗೆಯಿರಿ. ಸಂಬಳದ ಚೀಟಿ ಇಲ್ಲದವರು ‘ನಮ್ಮಲ್ಲಿ ದಾಖಲೆಯೇ ಇಲ್ಲ’ ಎಂದು ಕೈಚೆಲ್ಲಿ ಕೂರುತ್ತಾರೆ. ಆದರೆ ಪಹಣಿ, ಹಾಲಿನ ಡೇರಿಯ ಲೆಕ್ಕದ ಪುಸ್ತಕ, ಬ್ಯಾಂಕಿನ ಪಾಸ್‌ಬುಕ್, ಅಂಗಡಿಯ ಪರವಾನಗಿ, ಫೋನಿನ ಮೂಲಕ ಬಂದ ಪಾವತಿಗಳ ವಿವರ, ಕೆಲಸ ಕೊಟ್ಟವರ ಪತ್ರ, ಇವೆಲ್ಲವೂ ದುಡಿಮೆಗೆ ಸಾಕ್ಷಿಯಾಗಬಲ್ಲವು.

ಮಾಡುತ್ತಿದ್ದ ಕೆಲಸದ ಸ್ವರೂಪವನ್ನೂ ವಿವರವಾಗಿ ಹೇಳಬೇಕು. 2010ರ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವೈದ್ಯರು ಬರೆದ ಅಂಗವೈಕಲ್ಯದ ಶೇಕಡಾವಾರು ಪ್ರಮಾಣವೇ ಗಳಿಕೆಯ ನಷ್ಟದ ಪ್ರಮಾಣವಲ್ಲ ಎಂದು ಸ್ಪಷ್ಟಪಡಿಸಿತು: ಎಡಗೈಯನ್ನು ಕಳೆದುಕೊಂಡವನು ಚಾಲಕನೋ ಬಡಗಿಯೋ ಆಗಿದ್ದರೆ ಅವನ ದುಡಿಮೆ ಹೆಚ್ಚುಕಡಿಮೆ ಪೂರ್ತಿ ನಿಂತುಹೋಗುತ್ತದೆ, ಸರ್ಕಾರಿ ಗುಮಾಸ್ತನಾಗಿದ್ದರೆ ನೌಕರಿ ಉಳಿಯಬಹುದು. ದಿನಕ್ಕೆ ಎಷ್ಟು ಹೊತ್ತು ನಿಂತು ಕೆಲಸ ಮಾಡುತ್ತಿದ್ದಿರಿ, ಎಷ್ಟು ಭಾರ ಎತ್ತುತ್ತಿದ್ದಿರಿ, ಈಗ ಯಾವುದು ಆಗುತ್ತಿಲ್ಲ ಎಂಬುದನ್ನು ಎರಡು ಪುಟಗಳಲ್ಲಿ ದಿನಾಂಕಸಹಿತ ಬರೆದುಕೊಂಡು ಹೋದರೆ ವಕೀಲರಿಗೆ ಅದೇ ದೊಡ್ಡ ಉಪಕಾರ. ಮನೆಕೆಲಸ ಮಾಡುವ ಗೃಹಿಣಿಯರೂ ತಮ್ಮ ದುಡಿಮೆಯನ್ನು ಹೀಗೆಯೇ ಬರೆಯಬೇಕು. ಆ ಶ್ರಮಕ್ಕೂ ಬೆಲೆಯಿದೆಯೆಂದು ನ್ಯಾಯಾಲಯಗಳು ಒಪ್ಪಿವೆ.

ಪ್ರತಿಕೂಲವಾದ ಸಂಗತಿಗಳನ್ನು ವಕೀಲರಿಂದ ಮುಚ್ಚಿಡಬೇಡಿ. ಹೆಲ್ಮೆಟ್ ಇರಲಿಲ್ಲ, ಬೈಕಿನಲ್ಲಿ ಮೂವರಿದ್ದೆವು, ಪರವಾನಗಿಯ ಅವಧಿ ಮುಗಿದಿತ್ತು, ಮದ್ಯ ಸೇವಿಸಿದ್ದೆ, ಆ ಮೊಣಕಾಲಿಗೆ ಮೊದಲೇ ಪೆಟ್ಟಾಗಿತ್ತು ಎಂಬಂಥ ಮಾತುಗಳು ಪಾಟಿ ಸವಾಲಿನಲ್ಲಿ ವಿಮಾ ಕಂಪನಿಯ ವಕೀಲರ ಬಾಯಿಂದ ಬರುವ ಮೊದಲು ನಿಮ್ಮ ವಕೀಲರ ಕಿವಿಗೆ ಬಿದ್ದಿರಬೇಕು. ಕಕ್ಷಿದಾರರು ಹೇಳಿದ್ದನ್ನು ಗುಟ್ಟಾಗಿಡುವುದು ವಕೀಲರ ಕರ್ತವ್ಯ. ವಿಮಾ ಕಂಪನಿಯ ತನಿಖಾಧಿಕಾರಿ ಮನೆಗೆ ಬಂದು ಹೇಳಿಕೆಗೆ ಸಹಿ ಕೇಳಿದರೆ, ಇಲ್ಲವೇ ಎದುರಿನ ವಾಹನದ ಮಾಲೀಕರು ರಾಜಿಪತ್ರ ಬರೆಸಿಕೊಳ್ಳಲು ಬಂದರೆ, ವಕೀಲರನ್ನು ಕಾಣುವ ತನಕ ಯಾವುದಕ್ಕೂ ಸಹಿ ಹಾಕಕೂಡದು.

ಭೇಟಿಯಲ್ಲಿ ನೀವು ಕೇಳಬೇಕಾದ ಪ್ರಶ್ನೆಗಳೂ ಇವೆ. ಪ್ರಕರಣವನ್ನು ಅವರೇ ನಡೆಸುತ್ತಾರೆಯೇ, ಕಿರಿಯರಿಗೆ ವಹಿಸುತ್ತಾರೆಯೇ? ಎದುರಿನ ವಾಹನದ ವಿಮಾ ಕಂಪನಿಯ ಪರವಾಗಿಯೂ ಅವರು ವಕೀಲಿಕೆ ಮಾಡುತ್ತಾರೆಯೇ? ಚಿಕಿತ್ಸೆ ನೀಡಿದ ವೈದ್ಯರನ್ನು ಸಾಕ್ಷಿಯಾಗಿ ಕರೆಸುತ್ತಾರೆಯೇ, ಅದರ ವೆಚ್ಚ ಯಾರದು? ಶುಲ್ಕ ಎಷ್ಟು, ಯಾವ ಯಾವ ಹಂತದಲ್ಲಿ ಕೊಡಬೇಕು? ಈ ಕೊನೆಯ ಪ್ರಶ್ನೆಗೆ ಉತ್ತರವನ್ನು ಬರಹದಲ್ಲಿ ಕೇಳಲು ಸಂಕೋಚಪಡಬೇಡಿ. ಕಾಗದಪತ್ರ ನೋಡುವ ಮೊದಲೇ ‘ಇಷ್ಟು ಲಕ್ಷ ಕೊಡಿಸುತ್ತೇನೆ’ ಎನ್ನುವವರಿಗಿಂತ, ಪ್ರಕರಣದಲ್ಲಿ ಎಲ್ಲಿ ತೊಡಕಿದೆ ಎಂದು ಬಿಚ್ಚಿ ಹೇಳುವವರನ್ನು ನಂಬುವುದು ಮೇಲೆಂದು ನನ್ನ ದೃಢ ಅಭಿಪ್ರಾಯ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಆ ತೀರ್ಪು ಅಂತಿಮ, ಅದರ ಮೇಲೆ ಮೇಲ್ಮನವಿ ಇಲ್ಲ. ಆದ್ದರಿಂದ ನಿಮ್ಮ ಒಪ್ಪಿಗೆಯಿಲ್ಲದೆ ರಾಜಿ ಮಾಡಿಕೊಳ್ಳಬಾರದು, ಪರಿಹಾರದ ಹಣ ನಿಮ್ಮ ಖಾತೆಗೇ ಜಮೆಯಾಗಬೇಕು ಎಂದು ಆರಂಭದಲ್ಲಿಯೇ ಸ್ಪಷ್ಟಪಡಿಸಿ.

ಎಲ್ಲವೂ ಒಪ್ಪಿಗೆಯಾದರೆ, ನ್ಯಾಯಾಲಯದ ಮತ್ತು ಪಕ್ಷಕಾರರ ಹೆಸರು ತುಂಬಿದ ವಕಾಲತ್ತನ್ನು ಓದಿಯೇ ಸಹಿ ಮಾಡಿ. ಖಾಲಿ ಹಾಳೆಗಳಿಗಾಗಲಿ ಚೆಕ್ಕುಗಳಿಗಾಗಲಿ ಸಹಿ ಬೇಡ. ಮೂಲ ದಾಖಲೆಗಳನ್ನು ಕೊಡುವುದಾದರೆ ಪಟ್ಟಿ ಬರೆದು ಸ್ವೀಕೃತಿ ಪಡೆದು, ಒಂದು ಜೊತೆ ಜೆರಾಕ್ಸ್ ಪ್ರತಿಯನ್ನು ಮನೆಯಲ್ಲಿಟ್ಟುಕೊಳ್ಳಬೇಕು. ಮುಂದೆ ವಕೀಲರನ್ನು ಬದಲಾಯಿಸಬೇಕಾಗಿ ಬಂದರೆ, ಶುಲ್ಕ ಬಾಕಿಯಿದೆ ಎಂಬ ಕಾರಣಕ್ಕೆ ಅವರು ಕಡತವನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ತೀರ್ಪು ನೀಡಿದೆ. ಅರ್ಜಿ ದಾಖಲಾದ ಕೂಡಲೇ ಎಂ.ವಿ.ಸಿ. ಸಂಖ್ಯೆಯನ್ನು ಕೇಳಿ ಪಡೆದುಕೊಂಡರೆ, ಮುಂದಿನ ವಾಯಿದೆಯ ದಿನಾಂಕವನ್ನೂ ಅಂದು ನಡೆದದ್ದನ್ನೂ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನೀವೇ ನೋಡಿಕೊಳ್ಳಬಹುದು.