ಮನೆ ಕಂಪ್ಯೂಟರಿಗೊಂದು ದಣಪೆ: ಸುಲಭದ ಫೈರ್‌ವಾಲ್ ಆರಿಸುವುದು ಹೇಗೆ?

ಮಳೆ ಸ್ವಲ್ಪ ಹಿಂದಾದ ಮೇಲೆ ಹುಲೇಕಲ್ ಕಡೆಯ ಭಾವನ ಮನೆಗೆ ಹೋಗಿದ್ದೆ. ಅವರ ಮನೆಗೆ ಫೈಬರ್ ಇಂಟರ್‌ನೆಟ್ ಬಂದು ಎರಡು ವರ್ಷವಾಯಿತು. ಅಡಿಕೆ ದರ ನೋಡುವುದು, ಸೊಸೈಟಿ ಲೆಕ್ಕ, ಬ್ಯಾಂಕ್ ವ್ಯವಹಾರ, ಮಗಳ ಆಫೀಸ್ ಕೆಲಸ, ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಚಹಾ ಆಗುವವರೆಗೆ ಸುಮ್ನೆ ಅದರ ಸೆಕ್ಯುರಿಟಿ ಪುಟ ತೆಗೆದು ನೋಡಿದೆ. ಫೈರ್‌ವಾಲ್ ಪೂರ್ತಿ ಆಫ್ ಆಗಿತ್ತು.

‘ಭಾವ, ಇದನ್ನ ಆಫ್ ಮಾಡಿದ್ದು ಯಾರು?’ ಎಂದು ಕೇಳಿದೆ. ‘ಪ್ರಿಂಟರ್ ನಡೀತಾ ಇರಲಿಲ್ಲ. ರಿಪೇರಿಗೆ ಬಂದವರು ಎಂತದೋ ಒತ್ತಿದರು, ಸರಿಯಾಯ್ತು’ ಎಂದರು. ಒಂದು ಪ್ರಿಂಟರಿಗಾಗಿ ಅಷ್ಟು ತಿಂಗಳು ಮನೆಯ ಬ್ಯಾಂಕ್ ಲೆಕ್ಕವೆಲ್ಲ ಕಾವಲಿಲ್ಲದೆ ಇತ್ತು. ಆ ದಿನ ಅಲ್ಲಿ ಕೂತು ಮಾಡಿದ ಕೆಲಸವನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಫೈರ್‌ವಾಲ್ ಎಂದರೆ ಏನು ಎಂಬುದು ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ತೋಟದ ಬೇಲಿಗೆ ದಣಪೆ ಇರುತ್ತದಲ್ವಾ? ಮನೆಯವರು ಗಳ ಸರಿಸಿ ಹೋಗಿಬರುತ್ತಾರೆ, ಬೀಡಾಡಿ ದನ ಒಳಗೆ ನುಗ್ಗುವುದಿಲ್ಲ. ಕಂಪ್ಯೂಟರಿಗೆ ಪೋರ್ಟ್ ಎಂಬ ಬಾಗಿಲುಗಳಿವೆ. ಅವುಗಳ ನಂಬರ್ 65,535ರವರೆಗೆ ಹೋಗುತ್ತದೆ. ನೀವು ಒಂದು ವೆಬ್‌ಸೈಟ್ ತೆರೆದರೆ ಅದಕ್ಕೆ ಬರುವ ಉತ್ತರವನ್ನು ಫೈರ್‌ವಾಲ್ ಒಳಗೆ ಬಿಡುತ್ತದೆ. ಯಾರೂ ಕರೆಯದೆ ಹೊರಗಿನಿಂದ ಬಂದು ಬಾಗಿಲು ತಟ್ಟುವವರನ್ನು ನಿಲ್ಲಿಸುತ್ತದೆ.

ಹಾಗೆ ತಟ್ಟುವವರು ನಿಜವಾಗಿಯೂ ಇದ್ದಾರೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಫೈರ್‌ವಾಲ್ ಇತ್ತು, ಆದರೆ ಅದು ಆಫ್ ಆಗಿಯೇ ಬರುತ್ತಿತ್ತು. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಎಂಬ ಹುಳ, ಅಂದರೆ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾನೇ ದಾಟುವ ವೈರಸ್, ಹರಡಿತು. ಯಾವ ಫೈಲನ್ನೂ ತೆರೆಯಬೇಕಿರಲಿಲ್ಲ. ಇಂಟರ್‌ನೆಟ್ಟಿಗೆ ಜೋಡಿಸಿದರೆ ಸಾಕು, ಕಂಪ್ಯೂಟರ್ ತನ್ನಷ್ಟಕ್ಕೇ ಬಂದ್ ಆಗಿ ಮತ್ತೆ ಶುರುವಾಗುತ್ತಿತ್ತು. ಮರುವರ್ಷ ಬಂದ ಎಕ್ಸ್‌ಪಿಯ ದೊಡ್ಡ ಅಪ್‌ಡೇಟ್ ಸರ್ವಿಸ್ ಪ್ಯಾಕ್ 2ರಿಂದ ಮೈಕ್ರೋಸಾಫ್ಟ್ ಫೈರ್‌ವಾಲನ್ನು ಆನ್ ಮಾಡಿಯೇ ಕೊಡತೊಡಗಿತು. 2017ರ ಮೇ ತಿಂಗಳಲ್ಲಿ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ಎಂಬ ಹುಳ ಹರಡಿದ್ದು 445ನೇ ನಂಬರಿನ ಬಾಗಿಲಿನಿಂದ. ಫೈಲ್ ಹಂಚಿಕೊಳ್ಳಲು ಇರುವ ಬಾಗಿಲು ಅದು.

ಮೊದಲು ಇದ್ದದ್ದನ್ನು ನೋಡಿ

ಹೊಸದನ್ನು ಹುಡುಕುವ ಮೊದಲು ಸ್ಟಾರ್ಟ್ ಒತ್ತಿ ‘ವಿಂಡೋಸ್ ಸೆಕ್ಯುರಿಟಿ’ ತೆರೆಯಿರಿ. ಅದರಲ್ಲಿ ‘ಫೈರ್‌ವಾಲ್ ಆಂಡ್ ನೆಟ್‌ವರ್ಕ್ ಪ್ರೊಟೆಕ್ಷನ್’ಗೆ ಹೋಗಿ. ಡೊಮೇನ್, ಪ್ರೈವೇಟ್, ಪಬ್ಲಿಕ್ ಎಂಬ ಮೂರು ಸಾಲು ಕಾಣುತ್ತವೆ. ಮೂರೂ ಆನ್ ಇರಬೇಕು. ಆಂಟಿವೈರಸ್ ಕಂಪನಿಯ ದೊಡ್ಡ ಪ್ಯಾಕ್ ಹಾಕಿಸಿದ್ದರೆ ಇಲ್ಲಿ ಅದರ ಹೆಸರು ಇರಬಹುದು. ಅಂಥವರು ಒಂದು ತಾರೀಕು ನೆನಪಿಡಬೇಕು: ವರ್ಷದ ಚಂದಾ ಮುಗಿಯುವ ದಿನ. ಅದು ಮುಗಿದ ಮೇಲೆ ಈ ಪುಟಕ್ಕೆ ಬಂದು, ಯಾವುದಾದರೂ ಒಂದು ಫೈರ್‌ವಾಲ್ ಆನ್ ಇದೆಯೇ ಎಂದು ನೋಡಿ.

ನಿಮ್ಮದು ವಿಂಡೋಸ್ 10 ಆಗಿದ್ದರೆ ಅದರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಸೆಕ್ಯುರಿಟಿ ಅಪ್‌ಡೇಟ್ ಬರುವ ದಾರಿಯನ್ನು ಮೊದಲು ಸರಿ ಮಾಡಿಕೊಳ್ಳಿ.

ಪ್ರಿಂಟರ್ ಯಾಕೆ ನಿಂತಿತ್ತು?

ಹೊಸ ವೈಫೈಗೆ ಜೋಡಿಸಿದಾಗ ವಿಂಡೋಸ್ ಅದನ್ನು ಸಾಮಾನ್ಯವಾಗಿ ‘ಪಬ್ಲಿಕ್’ ಎಂದೇ ತಿಳಿಯುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಕೂತಂತೆ, ಪಕ್ಕದವರು ಯಾರೋ ಗೊತ್ತಿಲ್ಲ ಎಂದುಕೊಂಡು ಮುಚ್ಚಿಕೊಂಡಿರುತ್ತದೆ. ಆಗ ಮನೆಯದೇ ಪ್ರಿಂಟರ್ ಕೂಡ ಅದರ ಕಣ್ಣಿಗೆ ಬೀಳದೆ ಹೋಗಬಹುದು. ಭಾವನ ಮನೆಯಲ್ಲಿ ಆಗಿದ್ದು ಇಷ್ಟೇ. ಫೈರ್‌ವಾಲ್ ಆಫ್ ಮಾಡುವ ಅಗತ್ಯವೇ ಇರಲಿಲ್ಲ.

ಸೆಟ್ಟಿಂಗ್ಸ್ ತೆರೆದು ‘ನೆಟ್‌ವರ್ಕ್ ಆಂಡ್ ಇಂಟರ್‌ನೆಟ್’ಗೆ ಹೋಗಿ. ಈಗ ಜೋಡಿಸಿರುವ ವೈಫೈನ ‘ಪ್ರಾಪರ್ಟೀಸ್’ ಒತ್ತಿದರೆ ಪಬ್ಲಿಕ್, ಪ್ರೈವೇಟ್ ಎರಡೂ ಕಾಣುತ್ತವೆ. ಸ್ವಂತ ಮನೆಯ ವೈಫೈ ಆದರೆ ಪ್ರೈವೇಟ್ ಆರಿಸಿ. ಫೈರ್‌ವಾಲ್ ಆನ್ ಮಾಡಿ ಇದೊಂದನ್ನು ಬದಲಿಸಿದೆವು. ಪ್ರಿಂಟರ್ ತನ್ನ ಪಾಡಿಗೆ ಕಾಗದ ಹೊರಹಾಕಿತು.

ಲ್ಯಾಪ್‌ಟಾಪ್ ಹಿಡಿದು ಗೋಕರ್ಣಕ್ಕೋ ಮುರ್ಡೇಶ್ವರಕ್ಕೋ ಹೋಗುವವರು ಲಾಡ್ಜ್ ವೈಫೈಯನ್ನು ಪಬ್ಲಿಕ್ ಆಗಿಯೇ ಬಿಡಿ. ಇನ್ನೂ ಜಾಸ್ತಿ ಭದ್ರ ಬೇಕೆಂದರೆ, ಫೈರ್‌ವಾಲ್ ಪುಟದಲ್ಲಿ ಪಬ್ಲಿಕ್ ಸಾಲನ್ನು ಒತ್ತಿ. ಹೊರಗಿನಿಂದ ಬರುವುದನ್ನೆಲ್ಲ ತಡೆಯುವ ಚೌಕ ಅಲ್ಲಿದೆ. ಅದಕ್ಕೊಂದು ಟಿಕ್ ಹಾಕಿ. ಮನೆಗೆ ಬಂದ ಮೇಲೆ ತೆಗೆದರಾಯಿತು.

ಬೇರೆ ಫೈರ್‌ವಾಲ್ ಬೇಕೇ?

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಹೆಚ್ಚಿನ ಮನೆಗಳಿಗೆ ವಿಂಡೋಸ್ ಜೊತೆ ಬಂದದ್ದೇ ಸಾಕು. ಒಂದು ಕೊರತೆ ಮಾತ್ರ ಇದೆ. ಅದು ಒಳಬರುವವರನ್ನು ತಡೆಯುತ್ತದೆ, ಹೊರಹೋಗುವವರನ್ನು ಸಾಮಾನ್ಯವಾಗಿ ಕೇಳುವುದಿಲ್ಲ. ಯಾವ ಪ್ರೋಗ್ರಾಂ ನಮ್ಮ ಕಂಪ್ಯೂಟರಿನಿಂದ ಹೊರಗೆ ಮಾತಾಡುತ್ತಿದೆ ಎಂದು ತಿಳಿಯಬೇಕೆನ್ನುವವರಿಗೆ ಬೇರೆಯದು ಉಪಯೋಗ.

ಆರಿಸುವಾಗ ನಾನು ಮೊದಲು ನೋಡುವುದು, ಅದು ಎಷ್ಟು ಪ್ರಶ್ನೆ ಕೇಳುತ್ತದೆ ಎಂಬುದನ್ನು. ಎಕ್ಸ್‌ಪಿ ಕಾಲದಲ್ಲಿ ನಾವು ಹಾಕುತ್ತಿದ್ದ ಫೈರ್‌ವಾಲ್‌ಗಳು ಐದು ನಿಮಿಷಕ್ಕೊಂದು ಕಿಟಕಿ ತೆರೆದು ‘ಬಿಡಲೋ ಬೇಡವೋ’ ಎನ್ನುತ್ತಿದ್ದವು. ಮೊದಲ ದಿನ ಓದಿ ಉತ್ತರ ಕೊಡುತ್ತಿದ್ದೆವು. ಮೂರನೇ ದಿನಕ್ಕೆ ಕಣ್ಣು ಮುಚ್ಚಿ ‘ಅಲೋ’ ಒತ್ತುತ್ತಿದ್ದೆವು. ಹಾಗೆ ಒತ್ತುವ ಮನೆಯಲ್ಲಿ ಫೈರ್‌ವಾಲ್ ಇದ್ದೂ ಇಲ್ಲದ ಹಾಗೆ. ಮನೆಯಲ್ಲಿ ಅಮ್ಮನೋ ಅಜ್ಜನೋ ಅದೇ ಕಂಪ್ಯೂಟರ್ ಬಳಸುತ್ತಾರೆ. ಅವರಿಗೆ ಅರ್ಥವಾಗದ ಪ್ರಶ್ನೆ ಕೇಳುವ ಫೈರ್‌ವಾಲನ್ನು ನಾನು ಹಾಕಿಕೊಡುವುದಿಲ್ಲ.

ಹಾಗಾಗಿ ನನಗೆ ಇಷ್ಟವಾದದ್ದು ಟೈನಿವಾಲ್. ಉಚಿತ, ಸಣ್ಣದು, ಜಾಹೀರಾತು ಇಲ್ಲ. ಅದು ಕಿಟಕಿ ತೆರೆದು ಕೇಳುವುದೇ ಇಲ್ಲ. ಒಪ್ಪಿಗೆ ಪಟ್ಟಿಯಲ್ಲಿ ಇಲ್ಲದ ಪ್ರೋಗ್ರಾಂಗೆ ಇಂಟರ್‌ನೆಟ್ ಕೊಡುವುದಿಲ್ಲ, ಅಷ್ಟೇ. ಹೊಸ ಪ್ರೋಗ್ರಾಂ ನಡೆಯದಿದ್ದರೆ ಗಡಿಯಾರದ ಪಕ್ಕದ ಐಕಾನ್ ಒತ್ತಿ, ಆ ಪ್ರೋಗ್ರಾಂನ ಕಿಟಕಿಯನ್ನು ತೋರಿಸಿ ಒಪ್ಪಿಗೆ ಕೊಡಬಹುದು. ಮೊದಲ ವಾರ ಸ್ವಲ್ಪ ಕಿರಿಕಿರಿ. ಮನೆಯಲ್ಲಿ ಇದು ಗೊತ್ತಿರುವವರು ಒಬ್ಬರಾದರೂ ಇರಬೇಕು. ನೋಡಿದರೇ ತಿಳಿಯಬೇಕು ಎನ್ನುವವರಿಗೆ ಗ್ಲಾಸ್‌ವೈರ್ ಒಳ್ಳೆಯದು. ಯಾವ ಪ್ರೋಗ್ರಾಂ ಎಷ್ಟು ಡೇಟಾ ಕಳಿಸಿತು ಎಂದು ಗೆರೆ ಎಳೆದು ತೋರಿಸುತ್ತದೆ. ಇದರ ಕೆಲವು ಸೌಲಭ್ಯಗಳಿಗೆ ದುಡ್ಡು ಕೊಡಬೇಕು.

ಯಾವುದನ್ನೇ ಆಗಲಿ, ಮಾಡಿದವರ ಸ್ವಂತ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಿ. ಇಂಥ ಎರಡು ಫೈರ್‌ವಾಲ್ ಒಟ್ಟಿಗೆ ಹಾಕಬೇಡಿ. ಒಂದು ಬಿಟ್ಟದ್ದನ್ನು ಇನ್ನೊಂದು ತಡೆದರೆ ತಪ್ಪು ಎಲ್ಲಿದೆ ಎಂದೇ ಗೊತ್ತಾಗುವುದಿಲ್ಲ.

ವಿಂಡೋಸ್ ಬದಲು ಉಬುಂಟು ಬಳಸುವವರಿಗೆ ಯುಎಫ್‌ಡಬ್ಲ್ಯೂ ಎಂಬ ಫೈರ್‌ವಾಲ್ ಜೊತೆಗೇ ಬಂದಿರುತ್ತದೆ, ಆದರೆ ಆಫ್ ಇರುತ್ತದೆ. ಅದನ್ನು ಕಿಟಕಿಯಲ್ಲಿ ತೋರಿಸುವ ಜಿಯುಎಫ್‌ಡಬ್ಲ್ಯೂ ಹಾಕಿಕೊಂಡರೆ ಒಂದು ಸ್ವಿಚ್ಚಿನಲ್ಲಿ ಆನ್ ಮಾಡಬಹುದು.

ಒಪ್ಪಿಗೆ ಕೇಳುವ ಕಿಟಕಿ ಬಂದಾಗ

ವಿಂಡೋಸ್ ಕೂಡ ಅಪರೂಪಕ್ಕೆ ಒಪ್ಪಿಗೆ ಕೇಳುತ್ತದೆ. ಭಾವನಿಗೆ ನಾನು ಹೇಳಿಕೊಟ್ಟ ಪ್ರಶ್ನೆ ಒಂದೇ: ಈ ಪ್ರೋಗ್ರಾಂ ನೀವು ಈಗ ತಾನೆ ತೆರೆದದ್ದೇ? ಹೌದಾದರೆ, ಅದು ಏನೆಂದು ಗೊತ್ತಿದ್ದರೆ, ಪ್ರೈವೇಟ್‌ಗೆ ಮಾತ್ರ ಒಪ್ಪಿ. ಗೊತ್ತಿಲ್ಲದಿದ್ದರೆ ಕ್ಯಾನ್ಸಲ್ ಒತ್ತಿ. ಹೆದರಬೇಡಿ, ಏನೂ ಹಾಳಾಗುವುದಿಲ್ಲ. ಹೊರಗಿನವರು ಅದನ್ನು ತಟ್ಟುವುದು ಮಾತ್ರ ನಿಲ್ಲುತ್ತದೆ. ಹೆಚ್ಚಿನ ಪ್ರೋಗ್ರಾಂಗಳು ಆಗಲೂ ನಡೆಯುತ್ತವೆ. ನಡೆಯದಿದ್ದರೆ ‘ಅಲೋ ಆ್ಯನ್ ಆ್ಯಪ್ ಥ್ರೂ ಫೈರ್‌ವಾಲ್’ ಪಟ್ಟಿಗೆ ಹೋಗಿ ಆಮೇಲೆ ಟಿಕ್ ಹಾಕಬಹುದು. ಪಟ್ಟಿ ತೀರಾ ಗೋಜಲಾದರೆ ಅದೇ ಫೈರ್‌ವಾಲ್ ಪುಟದಲ್ಲಿ ‘ರಿಸ್ಟೋರ್ ಫೈರ್‌ವಾಲ್ಸ್ ಟು ಡಿಫಾಲ್ಟ್’ ಇದೆ. ಅದನ್ನು ಒತ್ತಿದರೆ ಎಲ್ಲಾ ಮೊದಲಿನ ಸ್ಥಿತಿಗೆ ಬರುತ್ತದೆ.

ರೂಟರನ್ನೂ ಒಮ್ಮೆ ನೋಡಿ. ಅದರೊಳಗೂ ಒಂದು ಫೈರ್‌ವಾಲ್ ಇರುತ್ತದೆ, ಮನೆಯ ಮೊಬೈಲು, ಟಿವಿ ಎಲ್ಲಕ್ಕೂ ಅದೇ ಮೊದಲ ಬೇಲಿ. ಬ್ರೌಸರಿನಲ್ಲಿ ಹೆಚ್ಚಾಗಿ 192.168.1.1 ಎಂದು ಬರೆದರೆ ಅದರ ಪುಟ ತೆರೆಯುತ್ತದೆ. ಬೇರೆ ನಂಬರ್ ಇದ್ದರೆ ರೂಟರಿನ ಅಡಿಯ ಚೀಟಿಯಲ್ಲಿ ನೋಡಿ. ಬಂದಾಗ ಇದ್ದ ಪಾಸ್‌ವರ್ಡ್ ಬದಲಿಸಿ. ಫೈರ್‌ವಾಲ್ ಆನ್ ಇರಲಿ. ದೂರದಿಂದ ರೂಟರ್ ನಡೆಸುವ ‘ರಿಮೋಟ್ ಮ್ಯಾನೇಜ್‌ಮೆಂಟ್’ ಆಫ್ ಇರಲಿ.

ಮಂಗ ಮರದಿಂದ ಇಳಿಯುತ್ತದೆ

ಬೇಲಿ ಎಷ್ಟು ಗಟ್ಟಿ ಇದ್ದರೂ ಮಂಗ ಮರದ ಮೇಲಿಂದ ತೋಟಕ್ಕೆ ಇಳಿಯುತ್ತದೆ. ಝೆರಾಕ್ಸ್ ಅಂಗಡಿಗೆ ಹೋಗಿಬಂದ ಪೆನ್‌ಡ್ರೈವ್ ಹಾಗೆ. ಫೈರ್‌ವಾಲ್ ಅದನ್ನು ನೋಡುವುದೇ ಇಲ್ಲ, ಅದಕ್ಕೆ ಆಂಟಿವೈರಸ್ ಬೇಕು.

ಇನ್ನೂ ಕೆಟ್ಟದ್ದು ಫೋನ್ ಕರೆ. ‘ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ, ಈ ಆ್ಯಪ್ ಹಾಕಿಕೊಳ್ಳಿ, ನಂಬರ್ ಹೇಳಿ’ ಎನ್ನುತ್ತಾರೆ. ಪರದೆಯನ್ನು ದೂರದಿಂದ ನೋಡುವ ಆ್ಯಪ್ ಅದು. ಅದನ್ನು ಹಾಕಿದವರು ನೀವೇ, ಒಳಗಿನಿಂದ ದಣಪೆ ಸರಿಸಿದವರೂ ನೀವೇ. ಹಾಗಾಗಿ ಫೈರ್‌ವಾಲ್ ಅದನ್ನು ಮನೆಯವರ ಕೆಲಸ ಎಂದೇ ತಿಳಿಯುತ್ತದೆ. ಹಾಗೇನಾದರೂ ಆಗಿಬಿಟ್ಟರೆ ನಾಚಿಕೆಪಟ್ಟು ಸುಮ್ಮನೆ ಕೂರಬೇಡಿ. ಮೊದಲು ರೂಟರ್ ಸ್ವಿಚ್ ಆಫ್ ಮಾಡಿ, ಬ್ಯಾಂಕಿಗೆ ತಿಳಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಭಾವನ ಕಂಪ್ಯೂಟರಿನ ಪಕ್ಕದ ಗೋಡೆಗೆ ಆ ನಂಬರ್ ದೊಡ್ಡದಾಗಿ ಬರೆದು ಅಂಟಿಸಿ ಬಂದಿದ್ದೇನೆ.